ಒಂದು ಗೇಣು

ಸ್ಪ್ಲಿಟ್‌ನಲ್ಲಿ ನಾಲ್ಕನೇ ಮಹಡಿಗೆ
ಕಿಟಕಿ ಹೊತ್ತು ಹತ್ತಿದೆವು, ನಾನೂ ತಿಹೊಮಿರನೂ.
ಗೋಡೆ ಕೊರೆಯುವ ಮುಂಚೆ ಮನೆಯೊಡತಿ
ಅಂಗೈ ಊರಿ ಹೇಳಿದಳು:
‘ಎಡಕ್ಕೆ ಒಂದು ಗೇಣು ಸರಿಸಿ.’

ಸರಿಸಿದರೆ
ಎದುರಿನ ಎರಡು ಕಟ್ಟಡಗಳ ಸಂದಿಯಲ್ಲಿ,
ಯಾರದೋ ಒಳಚಡ್ಡಿ ಒಣಗುವ ತಂತಿಯಾಚೆ
ಕಡಲು ಕಾಣುತ್ತದೆ, ದಾರದಷ್ಟು.
ಆ ದಾರದ ಬೆಲೆಗೆ
ನಮ್ಮ ವಿಂಕೋವ್ಟ್ಸಿಯಲ್ಲಿ ಮನೆಯೇ ಬರುತ್ತದೆ,
ಬಾವಿ, ಹಂದಿಗೂಡು, ಅಕ್ರೋಟು ಮರದ ಸಮೇತ.

ಊಟಕ್ಕೆ ಕೂತಾಗ ತಿಹೊಮಿರ್
ದುಂಡು ರೊಟ್ಟಿ ಹಿಡಿದು ತೋರಿಸಿದ:
ನಮ್ಮೂರು ಹೀಗೆ, ಇಡಿಯಾಗಿ,
ಮುಸುಕಿನಜೋಳದ ಬಯಲಲ್ಲಿ ಯಾವ ಕಡೆಗೂ ಕಾಲು ಚಾಚಬಹುದು.
ಮುರಿದ.
ಇವರದು ಅರ್ಧ. ಮುಂದೆ ನೀರು, ಬೆನ್ನಿಗೆ ಬೆಟ್ಟ.
ಹಸಿದವರೋ ಇಮ್ಮಡಿ.
‘ನಮ್ಮಲ್ಲಿ?’ ಅಂದೆ.
‘ತಿನ್ನುವವರೇ ಡಬ್ಲಿನ್‌ಗೆ ಹೋದರಲ್ಲ,’ ಅಂದು
ಅರ್ಧ ನನಗೆ ಕೊಟ್ಟ.

ಅದೇ ಗಾಜು, ಅದೇ ತಿರುಪು.

ಸಂಜೆ ಅವಳು ಕಿಟಕಿಯ ಫೋಟೋ ತೆಗೆದಳು, ಹನ್ನೊಂದು ಸಲ,
ತಂತಿ ಬೀಳದ ಹಾಗೆ.
ಬೇಸಿಗೆಗೆ ಬರುವ ಜರ್ಮನ್ನರಿಗಂತೆ ಈ ಮನೆ.
ಅವಳಿರುವುದು ಬೆಟ್ಟದಾಚೆ, ಸಿನ್ಯ್‌ನಲ್ಲಿ, ಅಕ್ಕನ ಜೊತೆ;
ಕೊನೆಯ ಬಸ್ಸು ತಪ್ಪಿತ್ತು.

ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ
ಕೇಳಿದಳು, ತುಸು ಸಂಕೋಚದಿಂದ:
‘ನಿಮ್ಮ ವ್ಯಾನಿನಲ್ಲಿ ಜಾಗ ಇದೆಯಾ?’