ಆರನೇ ನಂಬರಿನ ಲಿಫ್ಟು

ಟಿಕೇಟು ನಲವತ್ತೆರಡು ದಿರ್ಹಮು, ಒಬ್ಬನಿಗೆ.
ಇದಿನಬ್ಬನದನ್ನೂ ನಾನೇ ಕೊಟ್ಟೆ, ಕೊಡದಿದ್ದರೆ ಬರುವವನಲ್ಲ.
ಅಲ್ ಖೂಝಿನ ರೂಮಿನಿಂದ, ಇಸ್ತ್ರಿ ಮಾಡಿದ ಅಂಗಿಯಲ್ಲಿ
ಎರಡು ಬಸ್ಸು ಬದಲಿಸಿ ದೇರಾಕ್ಕೆ ಹೋದದ್ದು, ಸತ್ಯ ಹೇಳಿದರೆ,
ಸಿನಿಮಾಕ್ಕಲ್ಲ.
ಲಿಫ್ಟು ನೋಡಲಿಕ್ಕೆ.

ಹೋದ ವರ್ಷ, ಉಪವಾಸದ ತಿಂಗಳಿಗೆ ಒಂದು ವಾರ ಮುಂಚೆ
ನಮ್ಮ ಟವರಿನ ಆರನೇ ಲಿಫ್ಟನ್ನು
ಮೂರು ರಾತ್ರಿ ಅವರಿಗೆ ಬಿಟ್ಟುಕೊಟ್ಟಿತ್ತು ಆಫೀಸು.
ಗೋಡೆಗೆ ನೀಲಿ ಪಟ್ಟಿ ಹಚ್ಚಿದರು, ಬಟನುಗಳ ಮೇಲೆ
ಯಾವ ಭಾಷೆಯದೂ ಅಲ್ಲದ ಅಕ್ಷರ ಅಂಟಿಸಿದರು.
ಅಷ್ಟೇ. ಎರಡು ಸಾವಿರದ ನೂರಾ ತೊಂಬತ್ತನೇ ಇಸವಿ ಬಂತು.
ನಾವಿಬ್ಬರು ಮೂವತ್ತೊಂದರ ಮೇಲಿನ ಮೆಷಿನ್ ರೂಮಿನಲ್ಲಿ
ಫ್ಲಾಸ್ಕಿನ ಸುಲೈಮಾನಿ ಕುಡಿಯುತ್ತ,
ವೇಷ ಕಟ್ಟದೆ ಚೌಕಿಯಲ್ಲಿ ಕೂತವರ ಹಾಗೆ.
ವಾಕಿಯಲ್ಲಿ "ಅಪ್" ಅಂದರೆ ಏರಿಸುವುದು,
"ಡೌನ್" ಅಂದರೆ ಇಳಿಸುವುದು. ಕಥೆ ಯಾರೂ ಹೇಳಲಿಲ್ಲ.

ದೀಪ ಆರಿತು. ಊರೆಲ್ಲ ಗಾಜು. ಆಕಾಶದಲ್ಲಿ ಕಾರು,
ಕಾರಿನಲ್ಲಿ ಪತ್ತೇದಾರ, ಪತ್ತೇದಾರನ ಎಡಗಣ್ಣಿನಲ್ಲಿ ಬೆಳಕು.
ಆ ಕಣ್ಣಿಗೆ ಗೋಡೆಯಾಚೆ ಕಾಣುತ್ತದೆ, ನಿನ್ನೆ ಕಾಣುತ್ತದೆ,
ಎದುರು ನಿಂತವನ ನಾಡಿ ಕಾಣುತ್ತದೆ.
ಹೆಣವೊಂದು ಲಿಫ್ಟಿನಲ್ಲಿ ಮೇಲೆ ಹೋಯಿತು,
ಬಾಗಿಲು ತೆರೆದರೆ ಹೆಣವಿಲ್ಲ.
ಮತ್ತೆ ಒಂದೂಮುಕ್ಕಾಲು ಗಂಟೆ
ಗಾಜಿನ ಊರಿಡೀ ಹುಡುಕುತ್ತಾನೆ ಮಾರಾಯ,
ತಲೆಯೆತ್ತಿ ಒಂದು ಸಲ ನೋಡುವುದಿಲ್ಲ.
ಲಿಫ್ಟಿನ ಮಾಡಿನಲ್ಲಿ ಒಂದು ಮುಚ್ಚಳ ಇದೆ.
ಅದರ ಕೀಲಿ ನನ್ನ ಸೊಂಟದಲ್ಲಿ, ಆಗಲೂ, ಆ ಸೀಟಿನಲ್ಲಿ ಕೂತಾಗಲೂ.
ಹೇಳಿಬಿಡಬೇಕು ಅನಿಸಿತು.
ಯಾರಿಗೆ?

ನಡುವೆ ಒಂದು ಕಡೆ ನಾನು ಕಾದದ್ದು ಬಂತು.
ಪತ್ತೇದಾರ ಒಳಗೆ ಕಾಲಿಟ್ಟ. ಮುಚ್ಚುತ್ತಾ ಬಂದ ಬಾಗಿಲು
ಇನ್ನು ನಾಲ್ಕು ಬೆರಳು ಅನ್ನುವಾಗ ಒಮ್ಮೆ ಅಳುಕಿತು,
ಉಗುಳು ನುಂಗಿದ ಹಾಗೆ, ಆಮೇಲೆ ಮುಚ್ಚಿತು.
ಇದಿನಬ್ಬ ನನ್ನ ಮೊಣಕೈ ಒತ್ತಿದ.
ಎರಡು ವರ್ಷ! ರೋಲರು ಬದಲಿಸಿದೆ, ಬೆಲ್ಟು ಬದಲಿಸಿದೆ,
ಕಂಪನಿಯ ದೊಡ್ಡ ಇಂಜಿನಿಯರು ಲ್ಯಾಪ್‌ಟಾಪು ಚುಚ್ಚಿ, ತಲೆ ಕೆರೆದು, ಹೋದ.
ನೂರಾ ಅರವತ್ತು ಚಿಲ್ಲರೆ ವರ್ಷ ಕಳೆದರೂ ಅದು ಹಾಗೇ ಇದೆ.
ಪಾಪ, ಆ ಕಾಲದವರಿಂದಲೂ ಆಗಲಿಲ್ಲ.
ಇಡೀ ಸಿನಿಮಾದಲ್ಲಿ ನಾನು ನಂಬಿದ್ದು ಅದೊಂದನ್ನೇ.

ಕೊನೆಗೆ ನೋಡಿದರೆ ಹೆಣವೇ ಇರಲಿಲ್ಲವಂತೆ.
ಪತ್ತೇದಾರನ ತಲೆಗೆ ಯಾರೋ ನೆನಪು ತುಂಬಿದ್ದಂತೆ,
ಕೊಂದವನೂ ಸತ್ತವನೂ ಹುಡುಕಿದವನೂ ಒಬ್ಬನೇ ಅಂತೆ.
ಬೆಟ್ಟ ಅಗೆದವನಿಗೆ ಇಲಿಯಾದರೂ ಸಿಗುತ್ತದೆ.
ಹಿಂದಿನ ಸಾಲಿನಲ್ಲಿ ಯಾರೋ ಮಲಯಾಳದಲ್ಲಿ ಬೈದರು,
ಇದಿನಬ್ಬ ಬ್ಯಾರಿಯಲ್ಲಿ. ಅರ್ಥ ಒಂದೇ.

ಹೆಸರುಗಳು ಏರತೊಡಗಿದವು. ಕೂದಲಿಗೆ ಒಬ್ಬ,
ಕೂದಲಿನವನ ಸಹಾಯಕ್ಕೆ ಮೂವರು,
ನಾಯಿ ನೋಡಿಕೊಂಡವಳು. ನಾಯಿ ಎಲ್ಲಿ ಬಂತು ಇದರಲ್ಲಿ?
ಕನ್ನಡಕ ಒರೆಸಿಕೊಂಡು ಕೂತೆ.
ಇದಿನಬ್ಬನಿಗೆ ಇಂಗ್ಲಿಷು ಬಾರದು, "ಬಂತಾ? ಬಂತಾ?" ಅನ್ನುತ್ತಲೇ ಇದ್ದ.
ಪೊರಕೆ ಹಿಡಿದ ಹುಡುಗ ಬಾಗಿಲಲ್ಲಿ ಕಾದು ನಿಂತು
ಹಿಂದಿಯಲ್ಲಿ ಕೇಳಿದ, ಇನ್ನೂ ಏನಾದರೂ ಇದೆಯಾ ಅಂತ.
ಇಲ್ಲ ಅಂದೆ.

ಮರುದಿನ ಇಪ್ಪತ್ತೆರಡನೇ ಮಾಳಿಗೆಯ ಮೇಡಮ್ಮಿನ ದೂರು:
ಆರನೇ ಲಿಫ್ಟಿನ ಬಾಗಿಲು, ಮತ್ತೆ.
ಚೀಲ ಹಿಡಿದು ಒಳಗೆ ನಿಂತೆ.
ಮೂಲೆಯಲ್ಲಿ, ಕಿರುಬೆರಳಿನ ಉಗುರಿನಷ್ಟು,
ಆ ನೀಲಿ ಪಟ್ಟಿಯ ಚೂರು ಇನ್ನೂ ಅಂಟಿಕೊಂಡಿತ್ತು.
ಕೆರೆಯಲು ಹೋದವನು ಬಿಟ್ಟೆ.
ಪುಸ್ತಕದಲ್ಲಿ ಬರೆದೆ: ಪರೀಕ್ಷಿಸಿದೆ, ಕಾರಣ ತಿಳಿದಿಲ್ಲ.

ಮೇಲಿನಿಂದ ವಾಕಿ ಕರಕರ ಅಂದಿತು. ಇದಿನಬ್ಬ:
"ಹೆಣ ಸಿಕ್ಕಿತಾ?"

"ಅಪ್" ಅಂದೆ.