ಮೊದಲ ಮುನ್ನೂರು ಮೀಟರ್

ಗಿಣಿಗೇರಿಯ ಹೈಸ್ಕೂಲಿನ ಮಾಳಿಗೆಯ ಮೇಲೆ
ಹೋದ ಚಳಿಗಾಲದಿಂದ ನಾವೊಂದು ಹಸಿರು ಗೆರೆ ನಿಲ್ಲಿಸಿದ್ದೇವೆ.
ಅಲ್ಲ, ಅದು ನಿಂತದ್ದೇ ಅಲ್ಲ.
ಸೆಕೆಂಡಿಗೆ ಇಪ್ಪತ್ತು ಸಲ ಮೇಲಕ್ಕೆ ಹೊಡೆದ
ಚೂರು ಚೂರು ಬೆಳಕು,
ಕಣ್ಣಿಗಷ್ಟೇ ಕಂಬ.
ಒಂಬತ್ತನೆಯ ತರಗತಿಯ ಹುಡುಗರು ಅದನ್ನು
ಹಸಿರು ಗಳ ಅನ್ನುತ್ತಾರೆ, ಅದಕ್ಕೆ ಬಟ್ಟೆ ಒಣಹಾಕಬಹುದೇ
ಎಂದು ಒಬ್ಬಳು ಕೇಳಿದ್ದಳು.

ಹೋದದ್ದರಲ್ಲಿ ಮರಳಿ ಬರುವುದು ಎಷ್ಟು?
ಚೀಲಗಟ್ಟಲೆ ಜೋಳ ಕತ್ತಲಿಗೆ ಎರಚಿ
ಕೈಯೊಡ್ಡಿ ಕೂತರೆ ಒಂದು ಕಾಳು.
ಅದೂ ಬಾರದ ರಾತ್ರಿಗಳುಂಟು.
ಬಂದ ಕಾಳನ್ನು ಕೇಳುತ್ತೇನೆ:
ಎಷ್ಟು ತಡ ಮಾಡಿದೆ, ಯಾರಿಗೆ ತಾಗಿ ಬಂದೆ?

ದುಂಡನೆಯ ಹನಿ ಬೆಳಕನ್ನು
ಹೋದ ಹಾಗೆಯೇ ಹಿಂದಕ್ಕೆ ಕಳಿಸುತ್ತದೆ.
ಮೂಲೆ ಮೊನಚು ಉಳ್ಳದ್ದು, ಹಿಮದ ಹರಳಾಗಲಿ ಮರಳ ಪುಡಿಯಾಗಲಿ,
ಒಂಚೂರು ತಿರುಚಿ ಕಳಿಸುತ್ತದೆ,
ಗರಿಗರಿ ಕೊಟ್ಟ ನೋಟು ಸಂತೆ ಸುತ್ತಿ
ಮಡಿಕೆಬಿದ್ದು ಬಂದಂತೆ.
ಆ ಮಡಿಕೆ ಓದುವುದೇ ನನ್ನ ಕಸುಬು.

ಈ ರಾತ್ರಿ ಹದಿನಾಲ್ಕು ಕಿಲೋಮೀಟರ್ ಎತ್ತರದಲ್ಲಿ
ಚುಕ್ಕಿ ಎಣಿಸುವಷ್ಟು ತಿಳಿಯಾದ ಆಕಾಶದಲ್ಲಿ
ಯಾರ ಕಣ್ಣಿಗೂ ಬೀಳದ ಮೋಡವೊಂದಿದೆ.
ಅರಳೆ ಹಿಂಜಿ ಹಿಂಜಿ
ಕೊನೆಗೆ ಬೆರಳಿಗಂಟಿ ಉಳಿದ ಎಳೆಯಷ್ಟು.
ಅದರ ಕೆಳಗೆ, ನಾಲ್ಕರಲ್ಲಿ, ಇನ್ನೊಂದು ಪದರ:
ಕಡಲಾಚೆಯ ಮರಳುಗಾಡಿನ ಧೂಳು
ನಮ್ಮೂರಿನ ಹೆಸರೂ ತಿಳಿಯದೆ ಹಾಯುತ್ತಿದೆ.

ಕಾವಲಿನ ಹುಲಗಪ್ಪ ಪರದೆಗೆ ಬಾಗಿದ.
ಎಂಟು ವರ್ಷ ಸ್ಪಂಜ್ ಐರನ್ ಕುಲುಮೆಯ ಬಾಯಲ್ಲಿ ನಿಂತವನು,
ಬಣ್ಣ ನೋಡಿ ಬಿಸಿ ಹೇಳಬಲ್ಲ.
"ಇದು ಹದಿನಾಕು, ಇದು ನಾಕು. ತಿಳೀತ್ರಿ ಮೇಡಂ.
ಇಲ್ಲಿ ತಳದಾಗ ಬರೇ ಬಿಳೇದು ಬಿಟ್ಟೀರಲ್ಲ, ಇದೇನ್ರಿ?"

ಅದು ಕುರುಡು ಪಟ್ಟಿ, ಅಂದೆ.
ಲೇಸರ್ ಒಂದು ಪಕ್ಕ, ದೂರದರ್ಶಕ ಒಂದು ಪಕ್ಕ,
ಎರಡರ ನೋಟ ಕೂಡುವುದು
ಮುನ್ನೂರು ಮೀಟರ್ ದಾಟಿದ ಮೇಲೆ.
ಅದರ ಕೆಳಗಿನದು ಲೆಕ್ಕಕ್ಕೆ ಬರುವುದಿಲ್ಲ.

ತಲೆಯಾಡಿಸಿದ. ಬೀಡಿ ತೆಗೆದು, ಹಚ್ಚದೆ, ಕಿವಿಗೆ ಸಿಕ್ಕಿಸಿದ.
ಗೂಡ್ಸ್ ಗಾಡಿಯೊಂದು ಪೂರ್ತಿ ಹೋಗುವ ತನಕ ಸುಮ್ಮನಿದ್ದ.
"ನಾವು ಇರೂದು ಅಲ್ಲೇರಿ."

ಬೆಳಿಗ್ಗೆ ಬಿಸಿಯೂಟದ ದ್ಯಾಮವ್ವ ಮೇಲೆ ಬಂದಳು,
ತನ್ನ ಗಂಗಾಳ ಒಯ್ಯಲು.
ನಿನ್ನೆ ಸಂಜೆ ಒಂದು ಕೊಡ ನೀರು ಸುರಿದು
ಯಂತ್ರದ ಪಕ್ಕದ ನೆಲ ತಿಕ್ಕಿ
ಅದನ್ನು ಬೋರಲು ಹಾಕಿ ಹೋಗಿದ್ದಳು,
ಯಾಕೆಂದು ನಾನು ಕೇಳಿರಲಿಲ್ಲ.
ಎತ್ತಿದಳು.
ಕೆಳಗೆ ಹುಣ್ಣಿಮೆಯಂಥ ಒಂದು ಬಿಳಿ,
ಸುತ್ತ ಕಾಡಿಗೆಯ ನೆಲ.
"ತೊಳದಿದ್ದೆ ನೋಡ್ರಿ," ಅಂದಳು, ಅಷ್ಟೇ,
ಸೆರಗಿನಿಂದ ಗಂಗಾಳದ ಬೆನ್ನು ಒರೆಸುತ್ತ ಇಳಿದುಹೋದಳು,
ಬೇಳೆ ಉಕ್ಕುವ ಹೊತ್ತಾಗಿತ್ತು.

ದಾಖಲೆ ಪುಸ್ತಕ ತೆಗೆದೆ. ತಾರೀಖು, ವೇಳೆ,
ಮೋಡದ ತಳ, ಮೋಡದ ತುದಿ.
ಷರಾ ಅಂಕಣದಲ್ಲಿ ಬರೆದೆ: ಗಂಗಾಳ, ಒಂದು ರಾತ್ರಿ.
ಗೆರೆಯ ಮೇಲೆ ಪೆನ್ನು ಅಲ್ಲೇ ನಿಂತಿತು.

ದಿನಾ ಸಂಜೆ, ಗಳ ಏರಿಸುವ ಮೊದಲು,
ಕಿಟಕಿಯ ಗಾಜನ್ನು ನಾನೇ ಒರೆಸುತ್ತೇನೆ,
ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ,
ಗಾಜು ತಿಳಿಯಾಗುವ ತನಕ.
ಚಳಿಗಾಲದಿಂದ ಇಲ್ಲಿಯವರೆಗೆ
ಎಷ್ಟು ಉಂಡೆ, ಎಷ್ಟು ಕಪ್ಪು,
ಎಲ್ಲಿ ಎಸೆದೆನೋ ಈಗ ನೆನಪಿಲ್ಲ.