ಸೀಸದ ಮೇಲೊಂದು ಮೆಟ್ಟು

ನಾರ್ಫಕ್‌ನ ಈ ಚರ್ಚಿನ ಮಾಡಿಗೆ
ಅರವತ್ತೊಂದು ಮೆಟ್ಟಿಲು, ಪಾರಿವಾಳದ ಹಿಕ್ಕೆ.
ಕೀಲಿಕೈ ವಿನಿಫ್ರೆಡ್ ಥರ್ಟಲ್‌ಳದು;
ಮಂಡಿನೋವೂ.

ಕೆಳಗೆ ಅಮೃತಶಿಲೆಯಲ್ಲಿ ಜಮೀನ್ದಾರರು ಮಲಗಿದ್ದಾರೆ,
ಕಾಲ ಬಳಿ ನಾಯಿ, ತಲೆಯಡಿ ಕಲ್ಲಿನ ದಿಂಬು.
ಇಲ್ಲಿ ಮೇಲೆ, ಸೀಸದ ಹಾಳೆಯಲ್ಲಿ
ಯಾರೋ ತನ್ನ ಮೆಟ್ಟಿನ ಸುತ್ತ ಮೊಳೆಯಿಂದ ಗೀರಿದ್ದಾನೆ:
ಚೌಕ ಮೂತಿ, ಹಿಮ್ಮಡಿಯಲ್ಲಿ ಏಳು ಚುಕ್ಕಿ,
ಜೆ. ಪಿ., ೧೭೧೨.
ಊಟದ ಹೊತ್ತಿರಬೇಕು.

ಹೋದ ತಿಂಗಳು ಕಳ್ಳರು ತೆಂಕಣ ಬದಿ ಸುಲಿದೊಯ್ದರು.
ಇನ್ನು ಉಕ್ಕಿನ ತಗಡಂತೆ; ಅದಕ್ಕೆ ಮೊಳೆ ನಾಟದು.

ವಿನಿಫ್ರೆಡ್ ಕಾಗದ ಹಾಸಿ ಮೇಣ ಉಜ್ಜುತ್ತಾಳೆ.
ಗಾಳಿ ಕಿತ್ತುಕೊಳ್ಳಲು ನೋಡುತ್ತದೆ.
ಒತ್ತಿಹಿಡಿಯಲು ಬೂಟು ಕಳಚಿ ಕಾಲಿಟ್ಟರೆ
ಹೆಬ್ಬೆರಳು ಗೆರೆ ದಾಟಿ ಹೊರಗೆ.

ಹುಡುಗ. ಹನ್ನೊಂದೋ, ಹನ್ನೆರಡೋ.

ಮೂವತ್ತು ವರ್ಷ ಹತ್ತಿಳಿದವಳಿಗೆ
ಈಗ ಮೊದಲ ಸಲ
ಎತ್ತರ ಕಂಡು ಹೆದರಿಕೆಯಾಗುತ್ತದೆ.